ಇವರಿಬ್ಬರಲ್ಲಿ ಹೆಚ್ಚಿನವರಾರು?

ಮಕ್ಕಳಿರುವ ಮನೆಯಲ್ಲಿ ಒಂದಿಲ್ಲೊಂದು ದಿನ ಈ ಪ್ರಶ್ನೆಯು ಹುಟ್ಟಿಯೇ ಹುಟ್ಟುವದು: ಹನುಮಪ್ಪನಿಗೂ ಭೀಮಸೇನನಿಗೂ ಕುಸ್ತಿಯಾದರೆ ಗೆಲ್ಲುವವರಾರು? ನಾವು ಹುಡುಗರಾಗಿದ್ದಾಗ ಹೀಗೆ ಕೇಳುತ್ತಿದ್ದೆವು. ಈಗಿನ ಮಕ್ಕಳ ಬಾಯಲ್ಲಿ ಹೆಸರುಗಳು ಮಾತ್ರ ಬದಲಾಗಿವೆ. ಸೂಪರ್‌ಮ್ಯಾನ್ ಹೆಚ್ಚೋ ಸ್ಪೈಡರ್‌ಮ್ಯಾನ್ ಹೆಚ್ಚೋ, ಅವರಿಬ್ಬರೂ ಒಂದೇ ಊರಿನವರಾಗಿದ್ದರೆ ಏನಾಗುತ್ತಿತ್ತು, ಎಂದು ಅವರು ಉಣ್ಣುವದನ್ನು ಬಿಟ್ಟು ವಾದಕ್ಕೆ ಕೂಡ್ರುವರು. ಹಿರಿಯರು ಸಾಮಾನ್ಯವಾಗಿ ಗದರಿಸಿ ಸುಮ್ಮನಿರಿಸುತ್ತಾರೆ. ಆದರೆ ನಮಗೆ ಇದು ಗದರಿಸಿ ಕಳಿಸತಕ್ಕ ಪ್ರಶ್ನೆಯೆಂದು ತೋರುವದಿಲ್ಲ. ಬೇರೆ ಬೇರೆ ಕಥೆಗಳಲ್ಲಿ, ಬೇರೆ ಬೇರೆ ಜನರ ಅಭಿಮಾನದಲ್ಲಿ ಬೆಳೆದ ಇಬ್ಬರು ವೀರರನ್ನು ತಂದು ಒಂದೇ ಜಗತ್ತಿನಲ್ಲಿ ನಿಲ್ಲಿಸುವದು ಹೇಗೆಂಬದನ್ನು ನಮ್ಮ ಪೌರಾಣಿಕರೂ ಕವಿಗಳೂ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚಿಂತಿಸಿರುವರು. ಅದರಲ್ಲಿಯೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ನಮ್ಮ ಸೀಮೆಯಲ್ಲಿ ಜೈನರು, ಲಿಂಗವಂತರು, ಮರಾಠರು, ಬ್ರಾಹ್ಮಣರು, ಕುರುಬರು, ಮುಸಲ್ಮಾನರು ಒಂದೇ ಓಣಿಯಲ್ಲಿ ಬಾಳುತ್ತಿರುವರು. ಒಂದು ಮನೆಯ ಮಾತು ಕನ್ನಡ, ಪಕ್ಕದ ಮನೆಯದು ಮರಾಠಿ. ಇಂಥಲ್ಲಿ ವೀರನೊಬ್ಬನು ಕಥೆಯಲ್ಲಿ ಸೋತರೆ ಅವನನ್ನು ನಂಬಿದ ಮನೆಯೂ ಸೋತಂತೆ ಆಗುವದುಂಟು. ಆದುದರಿಂದ ಮಕ್ಕಳ ಪ್ರಶ್ನೆಗೆ ಉತ್ತರ ಕೊಡುವವರು ತುಸು ಎಚ್ಚರದಿಂದಿರಬೇಕಾಗುವದು.

ಅಮೇರಿಕೆಯ ಸುದ್ದಿಯನ್ನು ಮೊದಲು ಮುಗಿಸೋಣ. ಅಲ್ಲಿ ಚಿತ್ರಕಥೆಗಳನ್ನು ಅಚ್ಚುಹಾಕುವ ಎರಡು ದೊಡ್ಡ ಸಂಸ್ಥೆಗಳುಂಟು. ಡಿ.ಸಿ. ಎಂಬವರ ವೀರನಾದ ಸೂಪರ್‌ಮ್ಯಾನನು 1938ರಲ್ಲಿ ಹುಟ್ಟಿದನು; ಮಾರ್ವೆಲ್ ಎಂಬವರ ಸ್ಪೈಡರ್‌ಮ್ಯಾನನು 1962ರಲ್ಲಿ. ಒಬ್ಬನು ಬೇರೆ ಗ್ರಹದಿಂದ ಬಂದವನು, ಗುಂಡು ತಾಗಿದರೂ ಗಾಯವಾಗದವನು. ಇನ್ನೊಬ್ಬನು ಜೇಡ ಕಡಿದು ಬಲ ಪಡೆದ ಬಡ ವಿದ್ಯಾರ್ಥಿ. ಎರಡು ಅಂಗಡಿಗಳ ಸರಕಾದ್ದರಿಂದ ಇವರು ಬಹುಕಾಲ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಕಡೆಗೆ 1976ರಲ್ಲಿ ಇಬ್ಬರು ಒಡೆಯರೂ ಕೂಡಿ ಒಂದು ದೊಡ್ಡ ಆಕಾರದ ಪುಸ್ತಕವನ್ನು ಹೊರತಂದರು. ಅದರಲ್ಲಿ ವೀರರು ತಪ್ಪು ತಿಳಿವಳಿಕೆಯಿಂದ ಮೊದಲು ಹೊಡೆದಾಡಿ, ಬಳಿಕ ಸ್ನೇಹಿತರಾಗಿ, ಇಬ್ಬರು ದುಷ್ಟರನ್ನು ಕೂಡಿಯೇ ಹಿಡಿಯುವರು. ಆದರೆ ಬೆಟ್ಟವನ್ನೆತ್ತುವವನ ಮುಂದೆ ಜೇಡದ ಹುಡುಗನು ಒಂದು ಗಳಿಗೆಯಾದರೂ ನಿಲ್ಲುವದೆಂತು? ಕಥೆಗಾರನು ಉಪಾಯ ಮಾಡಿದನು. ದುಷ್ಟನೊಬ್ಬನು ಮರೆಯಲ್ಲಿ ನಿಂತು ಕೆಂಪು ಸೂರ್ಯನ ಕಿರಣವನ್ನು ಆ ಹುಡುಗನ ಮೇಲೆ ಬಿಡುವನು. ಅದರ ಬಲದಿಂದ ಅವನ ಪೆಟ್ಟು ಸೂಪರ್‌ಮ್ಯಾನನಿಗೂ ತಾಗುವದು. ಕಿರಣದ ಬಲ ಇಳಿದ ಮೇಲೆ ಪೆಟ್ಟಿಗೂ ಬಲವಿಲ್ಲ.

ಪುರಾಣ ಬಲ್ಲವರು ಇದನ್ನು ಓದಿದರೆ ನಗದೆ ಇರಲಾರರು. ಇದು ನಮ್ಮ ವರವೂ ಶಾಪವೂ ಹೊರತು ಬೇರೇನಲ್ಲ. ಸಮಾನರಲ್ಲದವರನ್ನು ಒಂದು ಹೊತ್ತು ಸಮಾನರನ್ನಾಗಿ ಮಾಡಲು ಹೊರಗಿನಿಂದ ಒಂದು ಬಲವನ್ನು ತಂದು, ಕೆಲಸವಾದ ಮೇಲೆ ಅದನ್ನು ಮರಳಿ ಒಯ್ಯುವದು ಅತಿ ಹಳೆಯ ಕೌಶಲ್ಯ.

ನಮ್ಮಲ್ಲಿ ರಾಮಾಯಣ ಭಾರತಗಳು ಎರಡು ಬೇರೆ ಬೇರೆ ಜಗತ್ತುಗಳು. ಯುಗವೇ ಬೇರೆ. ಆದರೂ ಕಥೆ ಹೇಳುವವರು ಅವುಗಳ ನಡುವೆ ಬಾಗಿಲುಗಳನ್ನು ಇಟ್ಟುಕೊಂಡಿದ್ದರು. ಚಿರಂಜೀವಿಗಳೆಂಬವರೇ ಆ ಬಾಗಿಲುಗಳು. ಪರಶುರಾಮನು ದಾಶರಥಿಯ ಎದುರಿಗೂ ನಿಲ್ಲುವನು, ಭೀಷ್ಮನೊಡನೆಯೂ ಕಾದುವನು, ಕರ್ಣನಿಗೆ ಅಸ್ತ್ರವಿದ್ಯೆಯನ್ನೂ ಕಲಿಸುವನು. ರಾಮನ ಸೈನ್ಯದಲ್ಲಿದ್ದ ಜಾಂಬವಂತನು ಸ್ಯಮಂತಕ ಮಣಿಗಾಗಿ ಗುಹೆಯೊಳಗೆ ಶ್ರೀಕೃಷ್ಣನೊಡನೆ ಹೋರಾಡುವನು. ಭಾಗವತದ ಲೆಕ್ಕದಂತೆ ಅದು 28 ದಿನಗಳ ಕಾದಾಟ. ಮುದುಕ ಕರಡಿಗೆ ಕಡೆಗೆ ತಿಳಿಯುವದೇನೆಂದರೆ, ತನ್ನನ್ನು ಸೋಲಿಸಬಲ್ಲವನು ತನ್ನ ಒಡೆಯನೊಬ್ಬನೇ. ಹಾಗಾದರೆ ಇವನೇ ಅವನು. ಸೋತವನಿಗೆ ಕಳೆದುಕೊಂಡಿದ್ದ ಸ್ವಾಮಿಯು ಸಿಕ್ಕನು. ಇನ್ನು ಹುಡುಗರು ಕೇಳುವ ಹನುಮ ಭೀಮರ ಪ್ರಶ್ನೆಗೆ ವ್ಯಾಸರು ಅರಣ್ಯಪರ್ವದಲ್ಲಿಯೇ ಉತ್ತರ ಕೊಟ್ಟಿರುವರು. ಸೌಗಂಧಿಕ ಪುಷ್ಪಕ್ಕಾಗಿ ಹೊರಟ ಭೀಮನಿಗೆ ದಾರಿಗಡ್ಡವಾಗಿ ಮಲಗಿದ ಮುದಿಕಪಿಯ ಬಾಲವನ್ನು ಎತ್ತಲಾಗದು. ಅಲ್ಲಿ ಕುಸ್ತಿಯೇ ಇಲ್ಲ! ಸೋತವನಿಗೆ ತಿಳಿಯುವದು ತನಗೆ ಅಣ್ಣನಿರುವನೆಂಬ ಸಂಗತಿ, ಇಬ್ಬರೂ ವಾಯುಪುತ್ರರಲ್ಲವೆ. ಮೇಲಾಗಿ ಅಣ್ಣನು ಅರ್ಜುನನ ಧ್ವಜದ ಮೇಲೆ ಕುಳಿತು ಗರ್ಜಿಸುವೆನೆಂದು ಮಾತು ಕೊಡುವನು. ಬಾಲವನ್ನೆತ್ತಲಾರದ ಅಪಮಾನವು ಭೀಮನಿಗೆ ಎಷ್ಟು ಹೊತ್ತು ನೆನಪಿದ್ದೀತು?

ಈ ಕಥೆಗಳನ್ನು ಹೇಳುತ್ತ ಹೋದಂತೆ ನಮಗೆ ಒಂದು ಸಂಗತಿ ಸ್ಪಷ್ಟವಾಗುತ್ತ ಬಂದಿದೆ. ಇಂಥ ಕೂಡುಕಥೆಯ ಪರೀಕ್ಷೆಯಿರುವದು ಗೆದ್ದವನಾರೆಂಬದರಲ್ಲಲ್ಲ. ಸೋತವನ ಪಾಲಿಗೆ ಏನು ಉಳಿಯಿತೆಂಬದರಲ್ಲಿ. ಎರಡನೆಯದಾಗಿ, ಪುಸ್ತಕವು ಯಾರ ಕೈಯಲ್ಲಿದೆ ಎಂಬದನ್ನೂ ನೋಡಬೇಕು.

ಬಯಲಾಟದವರಿಗೂ ಯಕ್ಷಗಾನದವರಿಗೂ ಅಚ್ಚುಮೆಚ್ಚಿನ ಕೃಷ್ಣಾರ್ಜುನರ ಕಾಳಗವನ್ನೇ ನೋಡಿರಿ. ಇದು ವ್ಯಾಸಭಾರತದಲ್ಲಿಲ್ಲ, ಜನರೇ ಬೇಡಿ ಮಾಡಿಸಿಕೊಂಡ ಕಥೆ. ಗಯನೆಂಬ ಗಂಧರ್ವನು ಆಕಾಶಮಾರ್ಗದಲ್ಲಿ ಹೋಗುವಾಗ ಉಗುಳಿದ ತಾಂಬೂಲವು ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಯಲ್ಲಿ ಬೀಳುವದು. ಅವನನ್ನು ಕೊಲ್ಲುವೆನೆಂದು ಕೃಷ್ಣನು ಶಪಥ ಮಾಡುವನು. ಗಯನು ಅಪರಾಧವು ಯಾರದೆಂಬದನ್ನು ಹೇಳದೆ ಅರ್ಜುನನಿಂದ ಅಭಯವನ್ನು ಪಡೆಯುವನು. ಇನ್ನೇನು ಮಾಡುವದು? ಒಬ್ಬನು ಶಪಥ ಬಿಡಲಾರನು, ಇನ್ನೊಬ್ಬನು ಶರಣು ಬಂದವನನ್ನು ಬಿಡಲಾರನು. ನಡುವೆ ಸುಭದ್ರೆ, ಒಬ್ಬನು ಅಣ್ಣ, ಒಬ್ಬನು ಗಂಡ. ಗೀತೆಯನ್ನು ಹೇಳಿದವನೂ ಕೇಳಿದವನೂ ಬಿಲ್ಲು ಚಕ್ರಗಳನ್ನು ಹಿಡಿದು ಎದುರಾಗಿ ನಿಲ್ಲುವರು. ರಾತ್ರಿಯೆಲ್ಲ ಆಟ ನೋಡುವ ಮಂದಿಗೆ ಇಬ್ಬರಲ್ಲಿ ಯಾರೂ ಸೋಲುವದು ಬೇಡ, ಆದರೆ ಕಾಳಗ ಮಾತ್ರ ಬೇಕು. ಕಡೆಗೆ ದೇವತೆಗಳು ನಡುವೆ ಬಂದು, ಇಬ್ಬರ ಮಾತಿಗೂ ಮುಕ್ಕು ಬಾರದಂತೆ ಬಿಡಿಸುವರು. ದುಷ್ಟನಿಲ್ಲದೆ, ಎರಡು ಒಳ್ಳೆಯ ಮಾತುಗಳಿಂದಲೇ ಯುದ್ಧವನ್ನು ಹುಟ್ಟಿಸಿದ ಈ ಕಥೆಯು ಅಮೇರಿಕೆಯ ತಪ್ಪು ತಿಳಿವಳಿಕೆಯ ಕಥೆಗಿಂತ ಮೇಲೆಂದೇ ನಾವು ಹೇಳುವೆವು. ತಪ್ಪು ತಿಳಿವಳಿಕೆಯು ಒಂದು ಮಾತಿನಿಂದ ತೀರುವದು. ಎರಡು ಧರ್ಮಗಳ ತಿಕ್ಕಾಟ ಹಾಗೆ ತೀರುವದಿಲ್ಲ.

ಇನ್ನು ನಮ್ಮ ಸೀಮೆಯ ಸ್ವಂತ ಮಾತಿಗೆ ಬರೋಣ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಕಬ್ಬು ಹೊಗೆಸೊಪ್ಪುಗಳ ನೆಲವು ಜೈನರ ಹಳೆಯ ನೆಲೆ. ಈ ಕಾಲದ ದಿಗಂಬರ ಮುನಿಪರಂಪರೆಯ ಪ್ರಖ್ಯಾತ ಆಚಾರ್ಯರಲ್ಲಿ ಶಾಂತಿಸಾಗರರು ಭೋಜ ಗ್ರಾಮದವರು. ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿ ಹುಟ್ಟಿದವರು. ವಿದ್ಯಾಸಾಗರರು 1946ರಲ್ಲಿ ಹುಟ್ಟಿ ಸದಲಗಾದಲ್ಲಿ ಬೆಳೆದವರು. ಇಂಥ ಸೀಮೆಯಲ್ಲಿ ರಾಮಾಯಣದ ಪಾಠ ಹೇಳುವ ಮಾಸ್ತರನಿಗೆ ಒಂದು ಪೇಚು ಕಾದಿರುವದು. ರಾವಣನನ್ನು ಕೊಂದವನಾರೆಂದು ಕೇಳಿದರೆ ಒಂದೇ ಬೆಂಚಿನ ಮೇಲಿನ ಇಬ್ಬರು ಹುಡುಗರಲ್ಲಿ ಒಬ್ಬನು ರಾಮನೆನ್ನುವನು, ಒಬ್ಬನು ಲಕ್ಷ್ಮಣನೆನ್ನುವನು. ಇಬ್ಬರೂ ಅವರವರ ಅಜ್ಜಿಯಿಂದ ಕೇಳಿಯೇ ಬಂದವರು. ನಾವು ಇಂಥ ಹೊತ್ತಿನಲ್ಲಿ ಇಬ್ಬರಿಗೂ ಅವರವರ ಕಥೆಯನ್ನು ಪೂರ್ತಿಯಾಗಿ ಹೇಳಲು ಬಿಡುತ್ತಿದ್ದೆವು. ವರ್ಗವು ಅಷ್ಟು ನಿಶ್ಶಬ್ದವಾಗಿ ನಮ್ಮ ಪಾಠವನ್ನೆಂದೂ ಕೇಳಿದ್ದಿಲ್ಲ.

ಎರಡನೆಯ ಹುಡುಗನ ಉತ್ತರದ ಹಿಂದೆ ಒಂದು ಇಡಿಯ ಜಗತ್ತಿದೆ. ಜೈನ ಪುರಾಣಕಾರರು ರಾಮನನ್ನೂ ಕೃಷ್ಣನನ್ನೂ ರಾವಣ ಜರಾಸಂಧರನ್ನೂ ತಮ್ಮ ತೀರ್ಥಂಕರರೊಡನೆ ಒಂದೇ ಲೆಕ್ಕದಲ್ಲಿ ತಂದರು. 24 ತೀರ್ಥಂಕರರು, 12 ಚಕ್ರವರ್ತಿಗಳು, ಬಲದೇವರು 9, ವಾಸುದೇವರು 9, ಪ್ರತಿವಾಸುದೇವರು 9, ಹೀಗೆ 63 ಶಲಾಕಾಪುರುಷರು. ಎಂಟನೆಯ ಬಲದೇವನು ರಾಮ, ವಾಸುದೇವನು ಲಕ್ಷ್ಮಣ, ಪ್ರತಿವಾಸುದೇವನು ರಾವಣ. ಒಂಬತ್ತನೆಯ ಸರತಿಗೆ ಬಲರಾಮ, ಕೃಷ್ಣ, ಜರಾಸಂಧ. ಪ್ರತಿವಾಸುದೇವನನ್ನು ಕೊಲ್ಲುವದು ವಾಸುದೇವನ ಕೆಲಸವಾದ್ದರಿಂದ ರಾಮನ ಕೈಗೆ ರಕ್ತ ಹತ್ತುವದಿಲ್ಲ. ಚಾವುಂಡರಾಯನು 978ರಲ್ಲಿ ಈ 63 ಮಹಾಪುರುಷರ ಕಥೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಪಂಪರಾಮಾಯಣವೆಂದು ಹೆಸರಾದ ನಾಗಚಂದ್ರನ ಕಾವ್ಯವು ಇದೇ ಪರಂಪರೆಯದು. ಅಲ್ಲಿಯ ರಾವಣನು ರಾಕ್ಷಸನಲ್ಲ, ಒಂದು ದುರ್ಬಲ ಗಳಿಗೆಯಲ್ಲಿ ಜಾರಿದ ದೊಡ್ಡ ಮನುಷ್ಯನು. ಹನುಮಂತನು ಕಪಿಯಲ್ಲ, ವಿದ್ಯಾಧರನು.

ಮಕ್ಕಳು ಕೇಳುವ ಬಲಪರೀಕ್ಷೆಯೂ ಇಲ್ಲಿದೆ. 22ನೆಯ ತೀರ್ಥಂಕರನಾದ ನೇಮಿನಾಥನು ಕೃಷ್ಣನ ದಾಯಾದಿ ತಮ್ಮನು. ಒಮ್ಮೆ ನೇಮಿಯು ಕೃಷ್ಣನ ಶಂಖವನ್ನು ಆಟಕ್ಕೆಂಬಂತೆ ಊದಿದ್ದನ್ನು ಕೇಳಿ ಬೆರಗಾದ ಕೃಷ್ಣನು ಅವನ ಚಾಚಿದ ತೋಳನ್ನು ಬಗ್ಗಿಸಲು ನೋಡುವನು, ತೋಳು ಬಾಗುವದಿಲ್ಲ. ಕೃಷ್ಣಭಕ್ತರಿಗೆ ಈ ಕಥೆಯು ರುಚಿಸಲಿಕ್ಕಿಲ್ಲ, ಅದು ಸಹಜವೇ. ಪುಸ್ತಕವು ಯಾರ ಕೈಯಲ್ಲಿದೆಯೋ ಅವರ ವೀರನು ಒಂದು ಗೇಣು ಎತ್ತರ. ಆದರೆ ಸೋತವನಿಗೆ ಉಳಿದದ್ದೇನೆಂಬದನ್ನು ನೋಡಬೇಕಷ್ಟೆ. ಇದೇ ಪುರಾಣಗಳು ಕೃಷ್ಣನೂ ರಾವಣನೂ ಮುಂದೊಂದು ಕಾಲಕ್ಕೆ ತಾವೇ ತೀರ್ಥಂಕರರಾಗುವರೆಂದು ಹೇಳುತ್ತವೆ. ಪ್ರತಿಸ್ಪರ್ಧಿಯ ವೀರನನ್ನು ತನ್ನ ಮನೆಯ ಅತಿ ಎತ್ತರದ ಮಣೆಯ ಮೇಲೆ ಕೂಡ್ರಿಸುವೆನೆಂದು ಮುಂಗಡವಾಗಿಯೇ ಮಾತು ಕೊಟ್ಟ ಕಥೆಗಾರರು ಲೋಕದಲ್ಲಿ ಬಹಳ ಜನರಿಲ್ಲ.

ಶೈವ ವೈಷ್ಣವರು ಮಾತ್ರ ಇಷ್ಟು ತಾಳ್ಮೆ ತೋರಿಸಲಿಲ್ಲ. ಯಡೂರಿನ ವೀರಭದ್ರನ ದರ್ಶನಕ್ಕೆ ಹೋಗುವ ನಮ್ಮ ಚಿಕ್ಕೋಡಿಯ ಕಡೆಯವರಿಗೆ ತಿಳಿದಿರಬಹುದು: ಹಿರಣ್ಯಕಶಿಪುವನ್ನು ಸೀಳಿದ ಮೇಲೂ ಇಳಿಯದ ನರಸಿಂಹನ ಉಗ್ರವನ್ನು ಇಳಿಸಲು ಶಿವನು ಕಳಿಸಿದ್ದು ವೀರಭದ್ರನನ್ನೇ ಎಂದು ಲಿಂಗಪುರಾಣವು ಹೇಳುವದು. ಮಾತಿಗೆ ಬಗ್ಗದಾಗ ಶರಭರೂಪವು ತೋರಿ ನರಸಿಂಹನನ್ನು ಅಡಗಿಸಿತು. ವೈಷ್ಣವರು ಸುಮ್ಮನಿರುವರೆ? ನರಸಿಂಹನೇ ಎರಡು ತಲೆಯ ಗಂಡಭೇರುಂಡ ಪಕ್ಷಿಯಾಗಿ ಶರಭನನ್ನು ಅಡಗಿಸಿದನೆಂದು ಅವರ ಕಥೆ. ಇದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಹುಡುಗರು ಕೈ ಮೇಲೆ ಕೈ ಇಟ್ಟಂತೆ ಈ ಆಟಕ್ಕೆ ಕೊನೆಯಿಲ್ಲ. ವಿನೋದವೇನೆಂದರೆ, ಕರ್ನಾಟಕ ಸರಕಾರದ ಮುದ್ರೆಯನ್ನು ವಾಚಕರು ಒಮ್ಮೆ ಕಣ್ಣಿಟ್ಟು ನೋಡಬೇಕು. ನಡುವಿನ ಗುರಾಣಿಯಲ್ಲಿ ಗಂಡಭೇರುಂಡವಿದೆ. ಅದನ್ನು ಎರಡೂ ಬದಿಗೆ ಹಿಡಿದು ನಿಂತಿರುವವು ಆನೆಯ ಮೋರೆಯ ಸಿಂಹಗಳು, ಅವುಗಳಿಗೆ ಶರಭಗಳೆಂದೇ ಹೆಸರು. ಪುರಾಣದಲ್ಲಿ ಒಂದನ್ನೊಂದು ಹರಿದ ಪ್ರಾಣಿಗಳು ತಹಶೀಲದಾರರ ಕಚೇರಿಯ ಕಾಗದದ ತಲೆಯ ಮೇಲೆ ಜಗಳವಿಲ್ಲದೆ ನಿಂತುಕೊಂಡಿವೆ.

ಇಬ್ಬರನ್ನು ಎದುರೆದುರು ನಿಲ್ಲಿಸದೆ ಒಬ್ಬನನ್ನಾಗಿಯೇ ಮಾಡುವದು ಇನ್ನೊಂದು ಉಪಾಯ. ಮೇಲೆ ಹೇಳಿದ ಅಮೇರಿಕೆಯ ಸಂಸ್ಥೆಗಳು 1996ರಲ್ಲಿ ಇದನ್ನೂ ಮಾಡಿ ನೋಡಿದವು. ಮೊದಲು ಎರಡು ಪಕ್ಷದ ವೀರರನ್ನು ಜೋಡಿ ಜೋಡಿಯಾಗಿ ಕಾದಿಸಿ, ಅವುಗಳಲ್ಲಿ ಐದು ಕಾಳಗಗಳ ತೀರ್ಪನ್ನು ವಾಚಕರ ಮತಕ್ಕೆ ಬಿಟ್ಟರು. (ಮತ ಎಣಿಸಿ ವೀರರನ್ನು ಸೋಲಿಸುವ ಪದ್ಧತಿಯು ನಮಗೆ ಸೇರಲಿಲ್ಲ; ಗ್ರಾಮ ಪಂಚಾಯತಿಗೆ ಅದು ಸಾಕು.) ಬಳಿಕ ಇಬ್ಬಿಬ್ಬರನ್ನು ಕೂಡಿಸಿ ಒಬ್ಬೊಬ್ಬನನ್ನು ಮಾಡಿದರು. ಸೂಪರ್‌ಮ್ಯಾನನೂ ಕ್ಯಾಪ್ಟನ್ ಅಮೇರಿಕನೂ ಕೂಡಿ ಸೂಪರ್ ಸೋಲ್ಜರ್. ಬ್ಯಾಟ್‌ಮ್ಯಾನನೂ ವುಲ್ವರಿನ್ನನೂ ಕೂಡಿ ಡಾರ್ಕ್ ಕ್ಲಾ. ಹರಿಹರನ ಮೂರ್ತಿಯನ್ನು ಕಂಡ ನಮಗೆ ಇದು ಹೊಸತಲ್ಲ.

ಕಾವ್ಯದಲ್ಲಿ ಈ ಕೆಲಸವನ್ನು ಮಾಡಿದವರು ನಮ್ಮ ಪಂಪ ರನ್ನರು. ಪಂಪನು 941ರ ಸುಮಾರಿಗೆ ತನ್ನ ಒಡೆಯನಾದ ಅರಿಕೇಸರಿಯನ್ನೂ ಭಾರತದ ಅರ್ಜುನನನ್ನೂ ಒಂದೇ ಮೂರ್ತಿಯಲ್ಲಿ ಎರಕ ಹೊಯ್ದನು. ಅವನ ದಾರಿಯಲ್ಲಿ ನಡೆದ ರನ್ನನು ನಮಗೆ ನೆರೆಯವನು. ಮುಧೋಳದ ಬಳೆಗಾರರ ಮನೆಯ ಹುಡುಗನು. ಅವನು ತನ್ನ ಗದಾಯುದ್ಧದಲ್ಲಿ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಬೆಸೆದನು. ಅಂದಬಳಿಕ ಭೀಮನ ಗೆಲುವು ರಾಜನ ಗೆಲುವು. ಅದರಲ್ಲಿ ಕವಿಗೆ ಸ್ವಾತಂತ್ರ್ಯವೆಲ್ಲಿಯದು? ಪುಸ್ತಕದ ಒಡೆತನವೂ ಅರಮನೆಯದೇ. ಆದರೂ ರನ್ನನನ್ನು ಓದಿ ಎದ್ದವರ ಮನಸ್ಸು ಯಾರ ಹಿಂದೆ ಹೋಗುವದು? ರಣಭೂಮಿಯಲ್ಲಿ ಹೆಣಗಳ ನಡುವೆ ಕಾಲು ಎಡವುತ್ತ ನಡೆಯುವ ದುರ್ಯೋಧನನ ಹಿಂದೆ. ಗುರು ದ್ರೋಣನನ್ನು ಕಂಡು ಮರುಗುವನು, ತಮ್ಮನನ್ನು ಕಂಡು ಮರುಗುವನು, ಮಗನನ್ನು ಕಂಡು, ಕರ್ಣನನ್ನು ಕಂಡು ಎದೆಯೊಡೆದುಕೊಳ್ಳುವನು. ಅವರ ನಡುವೆ ವೈರಿಯ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ನಿಂತು, ತನಗೂ ಅಂಥ ಸಾವು ಬರಲೆಂದು ಬಯಸುವನು. ನಾವು ಹಲವು ವರ್ಷ ಈ ಭಾಗವನ್ನು ಪಾಠ ಹೇಳಿರುವೆವು. ಭೀಮನ ಪಕ್ಷದ ಹುಡುಗರು ಈ ಪದ್ಯಗಳು ಮುಗಿಯುವವರೆಗೆ ಒಬ್ಬರೂ ಉಳಿಯುತ್ತಿರಲಿಲ್ಲ. ರಾಜನಿಗೆ ಗೆಲುವನ್ನು ಕೊಟ್ಟು ಸೋತವನಿಗೆ ಓದುಗರನ್ನೆಲ್ಲ ಕೊಟ್ಟ ಆ ಬಳೆಗಾರರ ಹುಡುಗನ ಜಾಣತನವು ನಮಗೆ ಇಂದಿಗೂ ಆಶ್ಚರ್ಯದ ವಿಷಯವಾಗಿದೆ.

ಒಡೆತನದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡೋಣ. ನಾವು ಹುಡುಗರಿದ್ದಾಗ ಕನ್ನಡದಲ್ಲಿಯೂ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸ್ ಮಾಲೆಯಲ್ಲಿ (ಅದು 1964ರಲ್ಲಿ ಆರಂಭವಾದದ್ದು) ಫ್ಯಾಂಟಮ್ ಮತ್ತು ಮಾಂಡ್ರೇಕ್ ಎಂಬಿಬ್ಬರಿದ್ದರು. ಇಬ್ಬರನ್ನೂ ಹುಟ್ಟಿಸಿದವನು ಲೀ ಫಾಕ್ ಎಂಬ ಒಬ್ಬನೇ. ಅಂಥವರನ್ನು ಕೂಡಿಸಲು ಯಾರ ಒಪ್ಪಿಗೆಯೂ ಬೇಡ. ಎರಡು ಒಡೆತನಗಳಿದ್ದಲ್ಲಿಯೇ ತೊಡಕು. ಡಿ.ಸಿ. ಮಾರ್ವೆಲ್‌ಗಳ ವೀರರ ತಂಡಗಳೆರಡನ್ನೂ ಕೂಡಿಸುವ ಪುಸ್ತಕವೊಂದನ್ನು 1983ರ ಸುಮಾರಿಗೆ ಬರೆಯಿಸತೊಡಗಿ, ಚಿತ್ರಗಾರನಾದ ಜಾರ್ಜ್ ಪೆರೆಜ್ ಹಲವು ಪುಟಗಳನ್ನು ಬರೆದ ಮೇಲೆ ಒಡೆಯರು ಜಗಳಾಡಿ ನಿಲ್ಲಿಸಿದರು. ಪುಸ್ತಕವು ಹೊರಬಂದದ್ದು 2003ರಲ್ಲಿ, ಚಿತ್ರಗಾರನು ಅವನೇ. ವೀರರು ಲೋಕವನ್ನು ಉಳಿಸಬಲ್ಲರು, ಒಡೆಯರ ಸಹಿಗಾಗಿ ಇಪ್ಪತ್ತು ವರ್ಷ ಕಾಯಬೇಕು! ನಮ್ಮ ಹನುಮ ಭೀಮರಿಗೆ ಈ ಕಷ್ಟವಿಲ್ಲ. ಯಾವ ಅಜ್ಜಿಯಾದರೂ ಯಾವ ರಾತ್ರಿಯಾದರೂ ಅವರನ್ನು ಕೂಡಿಸಬಹುದು.

ಪುರಾಣದ ವೀರರ ಮಾತಾಯಿತು. ಇತಿಹಾಸದ ವೀರರದು ಇದಕ್ಕಿಂತ ಸೂಕ್ಷ್ಮ. 1956ರಲ್ಲಿ ರಾಜ್ಯಗಳ ಮೇರೆಯನ್ನು ಎಳೆದಂದಿನಿಂದ ನಮ್ಮ ಗಡಿಯ ಊರುಗಳಲ್ಲಿ ವೀರರನ್ನೂ ಭಾಷೆಯ ಮೇಲೆ ಹಂಚಿಕೊಳ್ಳುವ ಒಂದು ಚಟ ಬೆಳೆಯಿತು. ಛತ್ರಪತಿ ಶಿವಾಜಿಯು ಅವರವನು, ಕಿತ್ತೂರ ಚೆನ್ನಮ್ಮನೂ ಸಂಗೊಳ್ಳಿ ರಾಯಣ್ಣನೂ ನಮ್ಮವರು ಎಂದು ಮಕ್ಕಳೂ ಕಲಿಯುವರು. ಆದರೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬರುವ ಬಂಡಿಗಳನ್ನು ನೋಡಿರಿ; ಅರ್ಧ ಬಂಡಿಗಳು ಆಚೆಯ ರಾಜ್ಯದವು, ದೇವಿಗೆ ಎರಡೂ ಭಾಷೆ ತಿಳಿಯುವವು. ವೀರರು ಮಾತ್ರ ಒಂದೇ ಭಾಷೆಯವರಾಗಿರಬೇಕೆ?

ಚೆನ್ನಮ್ಮನಿಗೂ ಶಿವಾಜಿಗೂ ನಡುವೆ ನೂರೈವತ್ತು ವರ್ಷಗಳ ಅಂತರ; ಅವರನ್ನು ಕೂಡಿಸಬೇಕಾದರೆ ಚಿರಂಜೀವಿಯೊಬ್ಬನು ಬೇಕಾದಾನು. ಆದರೆ ಬೆಳವಡಿಯ ಮಲ್ಲಮ್ಮನಿಗೂ ಶಿವಾಜಿಗೂ ನಡುವೆ ಅಂತರವೇ ಇರಲಿಲ್ಲ. ದಕ್ಷಿಣದ ದಂಡಯಾತ್ರೆಯನ್ನು ಮುಗಿಸಿ ಮರಳುವಾಗ 1678ರಲ್ಲಿ ಶಿವಾಜಿಯ ಸೈನ್ಯವು ಬೈಲಹೊಂಗಲದ ಕಡೆಯ ಬೆಳವಡಿಯ ಕೋಟೆಯನ್ನು ಮುತ್ತಿತು. ಆ ಚಿಕ್ಕ ಕೋಟೆಯನ್ನು ಒಬ್ಬ ಹೆಣ್ಣುಮಗಳು ಸುಮಾರು ನಾಲ್ಕು ವಾರಗಳ ವರೆಗೆ ಕಾದಳು. ಕನ್ನಡದ ಮನೆಗಳು ಅವಳನ್ನು ಮಲ್ಲಮ್ಮನೆನ್ನುವವು. ಮರಾಠಿಯ ಬರಹಗಳಲ್ಲಿ ಅವಳು ಸಾವಿತ್ರಿ. ಎರಡೂ ಪಕ್ಷಕ್ಕೆ ಸೇರದ ಸಾಕ್ಷಿಯೂ ಒಂದಿದೆ: ರಾಜಾಪುರದ ಇಂಗ್ಲಿಷರ ವಖಾರಿಯಿಂದ ಅದೇ ವರ್ಷ ಹೋದ ಕಾಗದದಲ್ಲಿ, ಅಷ್ಟೊಂದು ರಾಜ್ಯಗಳನ್ನು ಗೆದ್ದವನಿಗೆ ಈ ದೇಸಾಯಿಣಿಯು ಬಗ್ಗುತ್ತಿಲ್ಲವೆಂಬ ಸುದ್ದಿಯಿದೆ. ಕೋಟೆ ಕಡೆಗೆ ಬಿದ್ದಿತು. ಆಮೇಲೆ ನಡೆದದ್ದನ್ನು ನಮ್ಮ ಕಡೆಯ ಜನರು ಹೇಳುವ ರೀತಿ ಹೀಗೆ: ಶಿವಾಜಿಯು ಅವಳನ್ನು ಸೆರೆಯಾಳೆಂದು ನೋಡದೆ ತಂಗಿಯಂತೆ ಮನ್ನಿಸಿ, ಗೆದ್ದ ಸೀಮೆಯನ್ನು ಅವಳ ಕೂಸಿನ ಹಾಲುಬಟ್ಟಲಿನ ಖರ್ಚಿಗೆಂದು ಮರಳಿ ಕೊಟ್ಟನು. ಮಲ್ಲಮ್ಮನು ಅವನ ಮೂರ್ತಿಯನ್ನು ಕಲ್ಲಿನಲ್ಲಿ ಕಡೆಯಿಸಿದಳು.

ಈ ಕಥೆಯ ಪುಸ್ತಕವು ಸೋತವಳ ಕೈಯಲ್ಲಿದೆ ಎಂಬದನ್ನು ವಾಚಕರು ಗಮನಿಸಿರಬಹುದು. ಕನ್ನಡಿಗರು ತಮ್ಮ ಮಲ್ಲಮ್ಮನಿಗೆ ಗೆಲುವನ್ನು ಕಲ್ಪಿಸಿಕೊಡಬಹುದಾಗಿತ್ತು. ಗೆದ್ದವನನ್ನು ಕ್ರೂರಿಯನ್ನಾಗಿ ಮಾಡಬಹುದಾಗಿತ್ತು. ಎರಡನ್ನೂ ಮಾಡಲಿಲ್ಲ. ನಿಪ್ಪಾಣಿಯ ಕನ್ನಡ ಶಾಲೆಯ ಹುಡುಗಿಯೂ ಮರಾಠಿ ಶಾಲೆಯ ಹುಡುಗನೂ ಒಟ್ಟಿಗೆ ಕುಳಿತು ಕೇಳಬಹುದಾದ ಕಥೆಯಿದು; ಇಬ್ಬರಲ್ಲಿ ಯಾರೂ ತಲೆ ತಗ್ಗಿಸಿ ಏಳಬೇಕಾಗಿಲ್ಲ.

ಆ ಕಲ್ಲು ಧಾರವಾಡಕ್ಕೆ ಸಮೀಪದ ಯಾದವಾಡದ ಹನುಮಪ್ಪನ ಗುಡಿಯಲ್ಲಿದೆ. ಗೃಹಸ್ಥರು ಮಕ್ಕಳನ್ನು ಕರೆದುಕೊಂಡು ಹೋದರೆ ಒಂದು ದಿನದಲ್ಲಿ ನೋಡಿ ಬರಬಹುದು. ಮೇಲಿನ ಭಾಗದಲ್ಲಿ ಶಿವಾಜಿಯು ಆಯುಧಪಾಣಿಯಾಗಿ ಕುದುರೆಯನ್ನೇರಿರುವನು. ಕೆಳಗಿನ ಭಾಗದಲ್ಲಿ ಅವನೇ ಕುದುರೆಯಿಳಿದು, ಮಲ್ಲಮ್ಮನ ಕೂಸನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡಿರುವನು. ಕೈಯಲ್ಲಿ ಹಾಲಿನ ಬಟ್ಟಲಿದೆ.